ಹಿಂಗಾರಿ ಜೋಳದ ಹಳದಿ ಹಕ್ಕಿ

ಶಹಾಬಾದ ಎಂದ ಕೂಡಲೇ ನಮ್ಮಲ್ಲಿ ಬಹುಪಾಲು ಮಂದಿಗೆ ನೆನಪಾಗುವುದು ಕಲ್ಲು. ಅಜ್ಜನ ಕಾಲದ ಪಡಸಾಲೆ, ಶಾಲೆಯ ಜಗಲಿ, ರೈಲು ನಿಲ್ದಾಣದ ಪ್ಲಾಟ್‌ಫಾರ್ಮು, ಎಲ್ಲೆಲ್ಲೂ ಹಾಸಿರುವ ಆ ಬೂದುಬಣ್ಣದ ಫರಸಿಯ ಮೇಲೆ ನಡೆಯದವರು ಕಡಿಮೆ. ಮುಂಬೈ-ಚೆನ್ನೈ ರೈಲುಹಾದಿಯಲ್ಲಿ ಕಲಬುರಗಿ ಬಿಟ್ಟು, ಮಿತಾಕ್ಷರದ ವಿಜ್ಞಾನೇಶ್ವರನ ಮರತೂರು ದಾಟಿದರೆ ಶಹಾಬಾದ. ಕಿಟಕಿಯಾಚೆ ಮೊದಲು ಕಾಣುವುದು ಖಣಿಗಳ ಅಂಚಿಗೆ ಸುರಿದ ಒಡಕಲು ಕಲ್ಲಿನ ಗುಡ್ಡೆಗಳು. ಹಕ್ಕಿ ನೋಡುವ ಹುಚ್ಚಿನವರು ರಂಗನತಿಟ್ಟಿಗೆ ಹೋಗುತ್ತಾರೆ, ದಾಂಡೇಲಿಗೆ ಹೋಗುತ್ತಾರೆ. ಕೊರಳಿಗೆ ದುರ್ಬೀನು ಹಾಕಿಕೊಂಡು ಇಲ್ಲಿ ಇಳಿದವನನ್ನು ಕಂಡು ಆಟೋದವನು ಕೇಳಿದ್ದು, "ಸರ್ವೇಕ್ಕ ಬಂದೀರೇನ್ರಿ ಸರ್? ಯಾವ ಫ್ಯಾಕ್ಟರಿದು?" ಎಂದು. ಈ ಸೀಮೆಯಲ್ಲಿ ಹೊಲದ ಬದುವಿನ ಮೇಲೆ ನಿಂತು ದೂರ ನೋಡುವ ಅಪರಿಚಿತರು ಬರುವುದು ಭೂಮಿ ಅಳೆಯಲಿಕ್ಕೇ.

ಊರ ಖಣಿಗಳು ಮುಗಿದ ಕಡೆ ಎರೆಭೂಮಿ ಶುರುವಾಗುತ್ತದೆ. ಕಾಗಿಣಾ ನದಿ ಹೊನಗುಂಟಾ ಹತ್ತಿರ ಭೀಮೆಯನ್ನು ಕೂಡುವವರೆಗೂ ಎರಡೂ ದಂಡೆಗೆ ಕಪ್ಪು ಮಣ್ಣು. ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ನೆಲದ ಹಸಿ ನೋಡಿ ಇಲ್ಲಿ ಬಿಳಿಜೋಳ ಬಿತ್ತುತ್ತಾರೆ. ಆಮೇಲೆ ಮಳೆ ಬರಲಿ ಬಿಡಲಿ, ಮಣ್ಣೊಳಗೆ ಉಳಿದ ತೇವ ಮತ್ತು ಚಳಿಗಾಲದ ಇಬ್ಬನಿಯ ಮೇಲೆ ಬೆಳೆ ನಿಲ್ಲುತ್ತದೆ. ಜನವರಿ ಹೊತ್ತಿಗೆ ತೆನೆ, ತಿಂಗಳ ಕೊನೆಗೆ ಹಾಲುಗಾಳು, ಫೆಬ್ರವರಿ-ಮಾರ್ಚಿಗೆ ರಾಶಿ. ಹಾಲುಗಾಳು ಗಟ್ಟಿಯಾಗುವ ಮುನ್ನ ತೆನೆಯನ್ನು ಕೆಂಡದಲ್ಲಿ ಸುಟ್ಟು, ತಿಕ್ಕಿ, ಊದಿ, ಬೆಲ್ಲದ ಜೊತೆ ಕೊಡುವ ಸೀತನಿ ತಿಂದವರಿಗೆ ಹಾಲುಗಾಳಿನ ಆ ದಿನಗಳ ಬೆಲೆ ಗೊತ್ತು. ಆ ಬೆಲೆ ಇನ್ನೊಬ್ಬರಿಗೂ ಗೊತ್ತಿದೆ. ಗುಬ್ಬಿಗಿಂತ ತುಸು ದೊಡ್ಡದಾದ, ಎದೆಯಿಂದ ಬಾಲದ ಬುಡದವರೆಗೆ ಹಳದಿ, ಬೆನ್ನಿಗೆ ಕಾವಿಗೆಂಪು, ತಲೆಗೆ ಕಪ್ಪು ಬಣ್ಣ ಹೊತ್ತ ಒಂದು ಹಾಡುಹಕ್ಕಿಗೆ. ಪುಸ್ತಕದಲ್ಲಿ ಅದು ಕರಿತಲೆಯ ಬಂಟಿಂಗ್. ಹೊಲದಲ್ಲಿ ಅದಕ್ಕೆ ಪ್ರತ್ಯೇಕ ಮರ್ಯಾದೆ ಏನಿಲ್ಲ. ಜೋಳ ತಿನ್ನುವ ಎಲ್ಲವೂ ಹಕ್ಕಿಯೇ.

ನಾನು ಮೊದಲು ಕಂಡದ್ದು ಜಾಲಿ ಮರದ ಮೇಲೆ. ಬೆಳಗಿನ ಬಿಸಿಲು ತೆನೆಗಳ ಎತ್ತರಕ್ಕೆ ಬಂದಿತ್ತು. ಎಲೆ ಕಡಿಮೆಯಾದ ಆ ಮರದಲ್ಲಿ ಹಳದಿ ಹೂ ಬಿಟ್ಟಿದೆ ಎಂದು ದಾರಿಹೋಕರು ಅಂದುಕೊಳ್ಳಬಹುದಾದಷ್ಟು ಹಕ್ಕಿ. ಎಲ್ಲವೂ ಒಂದೇ ಬಗೆಯವಲ್ಲ. ಹೆಣ್ಣುಗಳು ಮತ್ತು ಆ ವರ್ಷದ ಮರಿಗಳು ಒಣ ಹುಲ್ಲಿನ ಬಣ್ಣದವು, ಬಾಲದ ಕೆಳಗಷ್ಟೇ ಹಳದಿ ಛಾಯೆ. ಗಂಡುಗಳ ತಲೆಯೂ ಜನವರಿಯಲ್ಲಿ ಪೂರ್ತಿ ಕಪ್ಪಲ್ಲ. ಹೊಸ ಗರಿಗಳ ತುದಿಗೆ ಕಂದು ಅಂಚು ಇರುತ್ತದೆ, ಒಳಗಿನ ಕಪ್ಪು ಮಸುಕಾಗಿ ಕಾಣುತ್ತದೆ. ಆ ಅಂಚು ದಿನದಿನಕ್ಕೆ ಸವೆದು ಹೋಗುತ್ತದೆ. ಮಾರ್ಚಿನ ಹೊತ್ತಿಗೆ ಅದೇ ಹಕ್ಕಿ ಕೂಸಿಗೆ ತೊಡಿಸುವ ಕುಂಚಿಗೆಯಂಥ ಅಚ್ಚ ಕಪ್ಪು ತಲೆ ಹೊತ್ತು ಕೂತಿರುತ್ತದೆ.

ಮರದಿಂದ ಒಂದು ಗುಂಪು ಜೋಳಕ್ಕೆ ಇಳಿಯಿತು. ನನ್ನಿಂದ ಹತ್ತು ಮಾರು ದೂರದ ತೆನೆಯೊಂದಕ್ಕೆ ಗಂಡು ಹಕ್ಕಿ ಅಡ್ಡಲಾಗಿ ಜೋತುಬಿತ್ತು. ದಂಟು ಬಾಗಿತು, ತೂಗಿತು, ನಿಂತಿತು. ಹಕ್ಕಿ ಅವಸರ ಮಾಡಲಿಲ್ಲ. ಒಂದು ಕಾಳು ಕೊಕ್ಕಿನಿಂದ ಕಿತ್ತು, ಕೊಕ್ಕಿನ ಎರಡು ದವಡೆಗಳ ನಡುವೆ ಹೊರಳಿಸಿ, ಹಿಸುಕಿ, ಸಿಪ್ಪೆಯನ್ನು ಪಕ್ಕಕ್ಕೆ ಉದುರಿಸಿತು. ಕೊಕ್ಕಿನ ಮೂಲೆಯಲ್ಲಿ ಬಿಳಿ ಹಾಲು ಕಂಡಿತು. ಆಮೇಲೆ ಅದರ ಪಕ್ಕದ ಕಾಳಲ್ಲ, ಎರಡು ಬೆರಳು ಮೇಲಿನ ಕಾಳು. ಹೀಗೆ ಅಲ್ಲೊಂದು ಇಲ್ಲೊಂದು ಆರಿಸಿ ತಿಂದು, ತೆನೆ ಅರ್ಧವೂ ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರಿತು. ನೋಡುವವನಿಗೆ ಚಂದ. ರೈತನಿಗೆ ಉರಿಯುವುದು ಇದಕ್ಕೇ. ತಿಂದದ್ದಕ್ಕಿಂತ ಕೆಡಿಸಿದ್ದು ಹೆಚ್ಚು. ಒಡೆದ ಹಾಲುಗಾಳು ಮತ್ತೆ ಬಲಿಯುವುದಿಲ್ಲ.

ಅಷ್ಟರಲ್ಲಿ ಹೊಲದ ನಡುವಿನ ಕಾವಲು ಮಂಚಿಗೆಯಿಂದ "ಹಾಽಽ" ಎಂಬ ಕೂಗು, ಹಿಂದೆಯೇ ಕವಣೆಯ ಚಟೀರ್ ಸದ್ದು. ಜೋಳದೊಳಗಿಂದ ಇನ್ನೂರೋ ಮುನ್ನೂರೋ ಹಕ್ಕಿ ಒಮ್ಮೆಗೇ ಎದ್ದು, ಹೊರಳಿ, ಅದೇ ಜಾಲಿಗೆ ಹೋಗಿ ಕೂತವು. ಮಂಚಿಗೆಯಿಂದ ಇಳಿದು ಬಂದ ಮುದುಕರು ನನ್ನನ್ನು ಕೆಳಗಿನಿಂದ ಮೇಲೆ ನೋಡಿದರು.

"ಏನ್ ನೋಡ್ಲತ್ತೀರಿ?"

"ಹಕ್ಕಿ ನೋಡ್ಲತ್ತೀನಿ ಮುತ್ಯಾ. ಹಳದಿ ಹಕ್ಕಿ."

"ನೋಡ್ಲಾಕ ಏನದ ಅದ್ರಾಗ? ಬೇಕಂದ್ರ ಅಷ್ಟೂ ನಿಮ್ಮೂರಿಗಿ ಒಯ್ರಿ. ನನ್ ಜ್ವಾಳರ ಉಳೀತಾವ."

ಇವು ಟರ್ಕಿ, ಗ್ರೀಸ್ ಕಡೆಯಿಂದ, ಇರಾನ್ ದಾಟಿ ಬಂದವು ಎಂದೆ. ಮುತ್ಯಾ ನಂಬಲಿಲ್ಲ. ಆಮೇಲೆ ಅರ್ಧ ನಂಬಿ, "ಅಲ್ಲಿ ಜ್ವಾಳ ಇಲ್ಲೇನು?" ಎಂದರು. ಅಲ್ಲಿ ಈಗ ಥಂಡಿ, ಹಿಮ ಬೀಳುತ್ತದೆ ಎಂದೆ. "ಹಂಗಾರ ಬರಲಿ. ಬರಬ್ಯಾಡ ಅಂದವ್ರ್ಯಾರು? ಆದ್ರ ನನ್ ಹೊಲಕ್ಕೇ ಯಾಕ ಬರಬೇಕು? ಆ ಕಡಿ ಹೊಲ ಅದ, ಈ ಕಡಿ ಹೊಲ ಅದ..." ಎಂದು ಕೈ ತೋರಿಸಿದರು. ಆ ಕಡೆ ತೊಗರಿ. ಈ ಕಡೆಯೂ ತೊಗರಿ. ಸುತ್ತ ತೊಗರಿಯ ನಡುವೆ ಅವರದೊಂದೇ ಜೋಳದ ಹೊಲ. ಮೊದಲು ಹೀಗಿರಲಿಲ್ಲವಂತೆ, ಊರೆಲ್ಲ ಜೋಳ ಬಿತ್ತುತ್ತಿದ್ದಾಗ ಹಕ್ಕಿಯೂ ಊರೆಲ್ಲ ಹಂಚಿಹೋಗುತ್ತಿತ್ತು. ಒಬ್ಬೊಬ್ಬರ ಪಾಲಿಗೆ ಬಂದದ್ದು ಒಂದು ಹಿಡಿ ನಷ್ಟ. ಈಗ ಅಷ್ಟೂ ಹಕ್ಕಿ ಒಬ್ಬರ ಮೇಲೆ.

ಈ ಮಾತು ನನಗೆ ಆ ಪ್ರವಾಸದ ಉಳಿದೆಲ್ಲ ನೋಟಕ್ಕಿಂತ ಮುಖ್ಯವಾಗಿ ಕಂಡಿತು. ಅದಕ್ಕೆ ಮರಳಿ ಬರುತ್ತೇನೆ.

ಹಕ್ಕಿಯ ಹಾದಿಯೇ ವಿಚಿತ್ರದ್ದು. ಯುರೋಪಿನಿಂದ ದೂರ ಹೋಗುವ ಸಣ್ಣ ವಲಸೆ ಹಕ್ಕಿಗಳಲ್ಲಿ ಹೆಚ್ಚಿನವು ಚಳಿಗಾಲಕ್ಕೆ ದಕ್ಷಿಣಕ್ಕೆ, ಆಫ್ರಿಕಾಕ್ಕೆ ಇಳಿಯುತ್ತವೆ. ಕರಿತಲೆಯ ಬಂಟಿಂಗ್‌ನಂಥ ಕೆಲವು ಮಾತ್ರ ಆಗ್ನೇಯಕ್ಕೆ ಮುಖ ಮಾಡುತ್ತವೆ. ಇಟಲಿ, ಬಾಲ್ಕನ್ ದೇಶಗಳು, ಗ್ರೀಸ್, ಟರ್ಕಿ, ಕಾಕಸಸ್, ಇರಾನ್ ಎಲ್ಲ ಕಡೆ ಮರಿ ಮಾಡಿದ ಹಕ್ಕಿಗಳು ಚಳಿಗಾಲಕ್ಕೆ ಬಂದು ಸೇರುವುದು ಪಶ್ಚಿಮ ಮತ್ತು ಮಧ್ಯ ಭಾರತದ ಬಯಲಿಗೆ: ರಾಜಸ್ಥಾನ, ಗುಜರಾತ್, ಮಧ್ಯಪ್ರದೇಶ, ಮಹಾರಾಷ್ಟ್ರ, ನಮ್ಮ ಉತ್ತರ ಕರ್ನಾಟಕ, ತೆಲಂಗಾಣ. ಅಥೆನ್ಸಿನಿಂದ ಕಲಬುರಗಿಗೆ ನೇರ ಗೆರೆ ಎಳೆದರೇ ಐದೂವರೆ ಸಾವಿರ ಕಿಲೋಮೀಟರ್ ಆಗುತ್ತದೆ. ಹಾರಾಟ ರಾತ್ರಿ. ಇದರ ಜೊತೆ ಕೆಂಪುತಲೆಯ ಬಂಟಿಂಗ್ ಕೂಡ ಇದೇ ಹೊಲಗಳಿಗೆ ಬರುತ್ತದೆ. ಅದರ ತವರು ಕಜಾಕಸ್ತಾನ ಮತ್ತು ಮಧ್ಯ ಏಷ್ಯಾ. ಕ್ಯಾಸ್ಪಿಯನ್ ಸಮುದ್ರದ ಆಗ್ನೇಯಕ್ಕೆ ಎರಡರ ಸೀಮೆಗಳೂ ಒಂದರ ಮೇಲೊಂದು ಬೀಳುವಲ್ಲಿ ಅವು ಕೂಡಿ ಮಿಶ್ರ ಮರಿಗಳಾಗುತ್ತವೆ. ಹೆಣ್ಣುಗಳನ್ನು ಹೊಲದಲ್ಲಿ ನೋಡಿ ಇದು ಇಂಥದೇ ಎಂದು ಹೇಳುವವರ ಧೈರ್ಯ ಮೆಚ್ಚಬೇಕು.

ಪುಸ್ತಕಗಳು ಇದನ್ನು ಯುರೋಪಿನ ಹಕ್ಕಿ, ಪಶ್ಚಿಮ ಏಷ್ಯಾದ ಹಕ್ಕಿ ಎನ್ನುತ್ತವೆ. ಲೆಕ್ಕ ಹಾಕಿ ನೋಡಿ. ಏಪ್ರಿಲ್ ಕೊನೆ ಅಥವಾ ಮೇ ತಿಂಗಳಿಗೆ ಅಲ್ಲಿ ತಲುಪುತ್ತದೆ. ಗಂಡು ದ್ರಾಕ್ಷಿ ತೋಟದ ಗೂಟದ ಮೇಲೋ ತಂತಿಯ ಮೇಲೋ ಕೂತು ಹಾಡುತ್ತದೆ. ಹೆಣ್ಣು ನೆಲಕ್ಕೆ ಹತ್ತಿರದ ಪೊದೆಯಲ್ಲಿ ಒಣ ಹುಲ್ಲಿನ ಗೂಡು ಕಟ್ಟಿ, ನಾಲ್ಕೈದು ಮೊಟ್ಟೆ ಇಟ್ಟು, ಹದಿಮೂರು ದಿನ ಕಾವು ಕೊಡುತ್ತದೆ. ಮರಿಗಳಿಗೆ ತಿನ್ನಿಸುವುದು ಹುಳು, ಮಿಡತೆ. ಜುಲೈ-ಆಗಸ್ಟಿಗೆ ಸಂಸಾರ ಮುಗಿದು ಮತ್ತೆ ಪೂರ್ವಕ್ಕೆ ಪಯಣ. ಅಲ್ಲಿರುವುದು ಮೂರು-ಮೂರೂವರೆ ತಿಂಗಳು, ಇಲ್ಲಿರುವುದು ಹತ್ತಿರ ಹತ್ತಿರ ಆರು ತಿಂಗಳು. ಹೆಚ್ಚು ದಿನ ಉಂಡ ಊರಿಗೆ ಅದನ್ನು ಸೇರಿಸಬೇಕೆಂದು ನಾನು ವಾದಿಸುವುದಿಲ್ಲ. ಆದರೆ ಅದನ್ನು ಉಳಿಸುವ ಚರ್ಚೆಯಲ್ಲಿ ಶಹಾಬಾದಿನ ಜೋಳದ ಹೊಲಕ್ಕೂ ಒಂದು ಕುರ್ಚಿ ಇರಬೇಕು.

ಶಹಾಬಾದ ಬಿಟ್ಟು, ವಾಡಿಯಲ್ಲಿ ಸುಸಲಾ, ಮಿರ್ಚಿ ಭಜಿ ತಿಂದು ಮುಂದೆ ಹೊರಟೆ. ವಾಡಿ ದೊಡ್ಡ ಜಂಕ್ಷನ್. ಸಿಕಂದರಾಬಾದಿನ ಹಳಿ ಇಲ್ಲಿಂದ ಕವಲೊಡೆದು ಚಿತ್ತಾಪುರ, ಮಳಖೇಡ, ಸೇಡಂ ಮೇಲೆ ಹೋಗುತ್ತದೆ. ಸಿಮೆಂಟ್ ಕಾರ್ಖಾನೆಯ ಚಿಮಣಿಗಳೂ ಅದೇ ಸಾಲಿನಲ್ಲಿ ಬರುತ್ತವೆ, ಏಕೆಂದರೆ ಸುಣ್ಣಕಲ್ಲು ಅದೇ ಸಾಲಿನಲ್ಲಿದೆ. ಇಲ್ಲಿನ ಜನಕ್ಕೆ ಕೂಲಿ ಕೊಟ್ಟದ್ದು ಆ ಕಲ್ಲೇ. ಅದನ್ನು ಬೈಯುವುದು ಹೊರಗಿನಿಂದ ಬಂದವನಿಗೆ ಸುಲಭ. ಆದರೂ ಖಣಿ ಆದ ಹೊಲ ಮತ್ತೆ ಹೊಲವಾಗುವುದಿಲ್ಲ ಎನ್ನುವುದು ಇಲ್ಲಿ ಯಾರೂ ಅಲ್ಲಗಳೆಯದ ಸಂಗತಿ.

ಮಳಖೇಡದಲ್ಲಿ ಕಾಗಿಣಾ ದಂಡೆಯ ಕೋಟೆಯ ಕೆಳಗೆ ಸ್ವಲ್ಪ ಹೊತ್ತು ಕೂತಿದ್ದೆ. ರಾಷ್ಟ್ರಕೂಟರ ಮಾನ್ಯಖೇಟ ಇದು, ಅಮೋಘವರ್ಷ ನೃಪತುಂಗನ ರಾಜಧಾನಿ. 9ನೇ ಶತಮಾನದಲ್ಲಿ ಅರಬ್ ವ್ಯಾಪಾರಿಗಳು ಈ ಅರಸರನ್ನು ಜಗತ್ತಿನ ದೊಡ್ಡ ದೊರೆಗಳ ಸಾಲಿನಲ್ಲಿ ಎಣಿಸಿದ್ದರು. ಪಶ್ಚಿಮದಿಂದ ಇಲ್ಲಿಗೆ ಬರುವ ದಾರಿ ಹಕ್ಕಿಗಳಿಗೆ ಅದಕ್ಕೂ ಮುಂಚೆ ತಿಳಿದಿತ್ತೆಂದು ಊಹಿಸುವುದು ತಪ್ಪಾಗಲಾರದು. ಬಹಳ ಈಚಿನ ಮಾತೆಂದರೆ, ಕಲಬುರಗಿ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, 1931-32ರಲ್ಲಿ ಸಾಲಿಂ ಅಲಿ ಆ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಅದಾದ ಮೇಲೆ ಈ ಬಯಲಿನ ಹಕ್ಕಿಗಳ ಕಡೆ ಗಮನ ಕೊಟ್ಟವರು ಬೆರಳೆಣಿಕೆಯಷ್ಟು. ಕಾಡಿಗೆ ಸಿಗುವ ಗೌರವ ಒಣ ಬಯಲಿಗೆ ಎಂದೂ ಸಿಕ್ಕಿಲ್ಲ.

ಪ್ರಯೋಗಾಲಯದಲ್ಲಿ ಮಾತ್ರ ಈ ಹಕ್ಕಿ ಹೆಸರುವಾಸಿ. ಲಖನೌ ಮತ್ತು ದೆಹಲಿಯಲ್ಲಿ ಪ್ರೊ. ವಿನೋದ್ ಕುಮಾರ್ ಮತ್ತು ಅವರ ಬಳಗ ದಶಕಗಳ ಕಾಲ ಬಂಟಿಂಗ್‌ಗಳ ಮೇಲೆ ಕೆಲಸ ಮಾಡಿದ್ದಾರೆ. ಹೊರಡುವ ಹೊತ್ತು ಬಂತೆಂದು ಹಕ್ಕಿಗೆ ಹೇಳುವವರು ಯಾರು ಎಂಬುದು ಅವರ ಪ್ರಶ್ನೆ. ಉತ್ತರ: ಹಗಲಿನ ಉದ್ದ. ದಿನಕ್ಕೆ ಎಂಟು ಗಂಟೆ ಮಾತ್ರ ಬೆಳಕು ಕೊಟ್ಟ ಕೋಣೆಯಲ್ಲಿ ಹಕ್ಕಿ ತಿಂಗಳುಗಟ್ಟಲೆ ಇದ್ದಂತೆಯೇ ಇರುತ್ತದೆ. ಬೆಳಕನ್ನು ಹನ್ನೆರಡು ಗಂಟೆ ಮೀರಿಸಿ ಉದ್ದ ಮಾಡಿದರೆ ಕೆಲವೇ ವಾರಗಳಲ್ಲಿ ಮೈ ತುಂಬುತ್ತದೆ. ಸುಮಾರು 25 ಗ್ರಾಂ ತೂಗುತ್ತಿದ್ದದ್ದು 35-40 ಗ್ರಾಂಗೆ ಏರುತ್ತದೆ. ಹೆಚ್ಚಿದ್ದೆಲ್ಲ ಕೊಬ್ಬು, ಹಾರಾಟದ ಬುತ್ತಿ. ರಾತ್ರಿ ಮಲಗಬೇಕಾದ ಹಕ್ಕಿ ಪಂಜರದಲ್ಲಿ ಅತ್ತಿಂದಿತ್ತ ಹಾರತೊಡಗುತ್ತದೆ. ಪಂಜರದ ಹಕ್ಕಿಗೆ ದಿಕ್ಕು ಯಾವುದು, ಹೊಲ ಯಾವುದು ಕಾಣದು. ಆದರೂ ಅದು ಹೊರಟುನಿಂತಿರುತ್ತದೆ. ಎರೆಭೂಮಿಯ ಲೆಕ್ಕಕ್ಕೆ ಇದನ್ನು ತಿರುಗಿಸಿದರೆ: ಹಗಲು-ರಾತ್ರಿ ಸಮವಾಗುವ ಮಾರ್ಚ್ ಮೂರನೇ ವಾರ ಇಲ್ಲಿ ರಾಶಿಯ ಕಾಲ. ಕಣದಲ್ಲಿ, ಕೊಯ್ದ ಹೊಲದಲ್ಲಿ ಉದುರಿದ ಕಾಳು ಎಲ್ಲೆಲ್ಲೂ ಇರುವ ವೇಳೆಯಲ್ಲೇ ಹಕ್ಕಿಗೆ ಕೊಬ್ಬು ಬೇಕಾಗುತ್ತದೆ. ಆಗ ಗಂಡುಗಳು ಹಾಡಲೂ ಶುರುಮಾಡುತ್ತವೆ. ಒಂದೆರಡು ಒರಟು ಸ್ವರ, ಆಮೇಲೆ ಚುರುಕಾಗಿ ಇಳಿಯುವ ಇಂಪಾದ ತುಣುಕು. ಹೆಣ್ಣನ್ನು ಒಲಿಸಲು ಗ್ರೀಸಿನಲ್ಲಿ ಬೇಕಾಗುವ ಹಾಡಿನ ತಾಲೀಮು ಸೇಡಂ ದಾರಿಯ ಬಾರಿಕಂಟಿಯ ಮೇಲೆ.

ಈಗ ಮುತ್ಯಾನ ಮಾತಿಗೆ. ಕಲಬುರಗಿ ತೊಗರಿಯ ಕಣಜ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಹೆಮ್ಮೆಯ ಮಾತೇ. ಆದರೆ ಅಂಕಿ ನೋಡಿ. 2024-25ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಬೆಂಬಲ ಬೆಲೆ ತೊಗರಿಗೆ ಕ್ವಿಂಟಲಿಗೆ 7,550 ರೂಪಾಯಿ, ಮಾಲ್ದಂಡಿ ಜೋಳಕ್ಕೆ 3,421 ರೂಪಾಯಿ. ತೊಗರಿಗೆ ಹುಳದ ಕಾಟವಿದೆ, ನೆಟೆರೋಗವಿದೆ, ನಿಜ. ಆದರೆ ಅದಕ್ಕೆ ಮಂಚಿಗೆ ಬೇಡ, ಕವಣೆ ಬೇಡ, ಬೆಳಗಿನ ಚಳಿಯಲ್ಲಿ ಹಕ್ಕಿ ಕಾಯುವ ಆಳು ಬೇಡ. ಜೋಳಕ್ಕೆ ಇವೆಲ್ಲ ಬೇಕು. ಕಾಯುವ ಮಕ್ಕಳು ಶಾಲೆಗೆ ಹೋಗುತ್ತಾರೆ, ಹೋಗಲೇಬೇಕು. ದೊಡ್ಡವರಿಗೆ ಅಷ್ಟು ದಿನದ ಕೂಲಿ ಕೊಟ್ಟರೆ ರಾಶಿಯಲ್ಲಿ ಉಳಿಯುವುದೇನು? ಹೀಗಾಗಿ ಒಬ್ಬರು ಜೋಳ ಬಿಡುತ್ತಾರೆ. ಅವರ ಪಾಲಿನ ಹಕ್ಕಿ ಪಕ್ಕದವರ ಹೊಲಕ್ಕೆ ಬೀಳುತ್ತದೆ. ಮರುವರ್ಷ ಪಕ್ಕದವರೂ ಬಿಡುತ್ತಾರೆ. ಕಡೆಗೆ ಉಳಿಯುವವರು ಎತ್ತಿಗೆ ಕಣಕಿ ಬೇಕು, ಮನೆಯ ರೊಟ್ಟಿಗೆ ನಮ್ಮದೇ ಜೋಳ ಬೇಕು ಎನ್ನುವ ಮುತ್ಯಾನಂಥವರು. 2023ನ್ನು ಸಿರಿಧಾನ್ಯ ವರ್ಷವೆಂದು ವಿಶ್ವಸಂಸ್ಥೆ ಸಾರಿತು, ಪಟ್ಟಣಗಳಲ್ಲಿ ಮೇಳಗಳಾದವು, ಜೋಳದ ಬಿಸ್ಕತ್ತು ಬಂದಿತು. ಬದುವಿನ ಮೇಲೆ ನಿಂತು ಹಕ್ಕಿ ಓಡಿಸುವವರ ಕೂಲಿಯ ಮಾತು ಯಾವ ಮೇಳದಲ್ಲೂ ನನ್ನ ಕಿವಿಗೆ ಬೀಳಲಿಲ್ಲ.

ಹಕ್ಕಿಯ ಮೇಲೆ ಇಲ್ಲಿನವರಿಗೆ ದ್ವೇಷವಿದೆ ಎಂದೂ ತಿಳಿಯಬಾರದು. ಎಳ್ಳಮವಾಸ್ಯೆಯ ದಿನ ಈ ಕಡೆ ಊರಿಗೆ ಊರೇ ಹೊಲಕ್ಕೆ ನಡೆಯುತ್ತದೆ. ಭಜ್ಜಿ, ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ, ಭೂತಾಯಿಗೆ ಪೂಜೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲಿ ಆಮೇಲೆ ಉಣ್ಣುತ್ತಾರೆ. ಚೆಲ್ಲಿದ ಚರಗ ಇರುವೆ, ಹುಳು, ಹಕ್ಕಿಗೆಲ್ಲ ಸೇರಿದ್ದು. ಹೊಲದಲ್ಲಿ ಎಲ್ಲರಿಗೂ ಒಂದು ಪಾಲಿದೆ ಎಂಬ ತಿಳಿವಳಿಕೆ ಇಲ್ಲಿ ಹಳೆಯದು. ಪಾಲು ಕೊಡಲು ಯಾರೂ ಹಿಂದೆಗೆದಿಲ್ಲ. ಪಾಲು ಕೊಡುವವರ ಸಂಖ್ಯೆ ಕಡಿಮೆಯಾಗಿದೆ.

ಮಾರ್ಚಿನಲ್ಲಿ ಮತ್ತೆ ಆ ಕಡೆ ಹೋದಾಗ ಚಿಂಚೋಳಿಯವರೆಗೆ ಹೋದೆ. ಸೇಡಂ ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತದೆ, ಕೆಮ್ಮಣ್ಣು ಬರುತ್ತದೆ, ಗುಡ್ಡ ಏರುತ್ತದೆ. ಚಿಂಚೋಳಿಯ ಸುಮಾರು 135 ಚದರ ಕಿಲೋಮೀಟರ್ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಚಂದ್ರಂಪಳ್ಳಿ ಜಲಾಶಯದ ಹಾದಿಯಲ್ಲಿ ಮುತ್ತುಗ ಹೂಬಿಟ್ಟಿತ್ತು, ಎಲೆ ಒಂದೂ ಇಲ್ಲದೆ. ಮರದ ತುಂಬ ಗಲಾಟೆ. ಮೈ ಗುಲಾಬಿ, ತಲೆ-ರೆಕ್ಕೆ ಕಪ್ಪು: ಗುಲಾಬಿ ಕಬ್ಬಕ್ಕಿ. ಇದೂ ವಲಸಿಗ, ಇದೂ ಜೋಳದ ಹೊಲದ ಹಳೆಯ ಕಳ್ಳ. ಹೊರಡುವ ಮುನ್ನ ಮುತ್ತುಗ, ಬೂರುಗದ ಹೂವಿನ ಮಕರಂದ ಕುಡಿದು ಮುಖಕ್ಕೆಲ್ಲ ಪರಾಗ ಬಳಿದುಕೊಳ್ಳುತ್ತದೆ. ಮಧ್ಯ ಏಷ್ಯಾಕ್ಕೆ ಮರಳಿದ ಮೇಲೆ ಇದೇ ಹಕ್ಕಿ ಮಿಡತೆಗಳ ಯಮ. ಚೀನಾದ ಶಿನ್‌ಜಿಯಾಂಗ್ ಸೀಮೆಯಲ್ಲಿ ಮಿಡತೆ ಹಾವಳಿ ತಡೆಯಲು ಇವು ಗೂಡು ಮಾಡಲೆಂದೇ ಕಲ್ಲಿನ ಗುಡ್ಡೆಗಳನ್ನು ಒಟ್ಟಿ ಇಡುತ್ತಾರೆ. ಕಲ್ಲುಗಳ ಸಂದಿಯಲ್ಲಿ ಮೊಟ್ಟೆ ಇಡುವುದು ಇದರ ರೂಢಿ. ಶಹಾಬಾದಿನಲ್ಲಿ ಅಷ್ಟೊಂದು ಕಲ್ಲುಗುಡ್ಡೆ ಇದ್ದೂ ಒಂದು ಗೂಡೂ ಕಟ್ಟದೆ ಇದು ಹೊರಟುಹೋಗುತ್ತದೆ. ಅಲ್ಲಿ ಒಂದು ಸರ್ಕಾರ ಖರ್ಚು ಮಾಡಿ ಕರೆಯುವ ಹಕ್ಕಿಗೆ ಇಲ್ಲಿ ಚಳಿಗಾಲದ ಊಟ ಹಾಕುವವನು ಚಿಂಚೋಳಿಯ ತಾಂಡಾದ, ಸೇಡಂನ ಹಳ್ಳಿಯ ಸಣ್ಣ ರೈತ. ಆ ಲೆಕ್ಕ ಎಲ್ಲಿಯೂ ಬರೆದಿಟ್ಟಿಲ್ಲ.

ಲಕ್ಷಗಟ್ಟಲೆ ಇರುವ ಹಕ್ಕಿಗೆ ಏನಾಗುತ್ತದೆ ಬಿಡಿ ಎನ್ನುವವರಿಗೆ ಬಂಟಿಂಗ್‌ಗಳ ಮನೆಯಲ್ಲೇ ಒಂದು ಉದಾಹರಣೆ ಇದೆ. ಹಳದಿ ಎದೆಯ ಬಂಟಿಂಗ್ ಒಂದು ಕಾಲಕ್ಕೆ ಫಿನ್ಲೆಂಡಿನಿಂದ ಜಪಾನಿನವರೆಗೆ ತುಂಬಿಹೋಗಿತ್ತು. ಚೀನಾದಲ್ಲಿ ಊಟಕ್ಕೆಂದು ಬಲೆ ಹಾಕಿ ಹಿಡಿದರು. 1980ರಿಂದ 2013ರ ನಡುವೆ ಅದರ ಸಂಖ್ಯೆ ಶೇ 84ರಿಂದ 95ರಷ್ಟು ಕುಸಿಯಿತು. 2017ರಲ್ಲಿ ಅದು ಅಳಿವಿನ ಅಂಚಿನ ಹಕ್ಕಿಗಳ ಪಟ್ಟಿ ಸೇರಿತು. ಕರಿತಲೆಯ ಬಂಟಿಂಗ್‌ಗೆ ಆ ಗತಿ ಬಂದಿಲ್ಲ. ಅದರ ಹೆಸರು ಇನ್ನೂ ಆತಂಕವಿಲ್ಲದವುಗಳ ಪಟ್ಟಿಯಲ್ಲೇ ಇದೆ. ನಮ್ಮ ದೇಶದಲ್ಲಿ ಇದನ್ನು ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ. ಆದರೆ ಹೊಲದ ಬೆಳೆ ಬದಲಾಗುವುದನ್ನು ಯಾವ ಕಾಯ್ದೆಯೂ ತಡೆಯಲಾರದು, ತಡೆಯಲೂಬಾರದು. ಏನು ಬಿತ್ತಬೇಕೆಂದು ತೀರ್ಮಾನಿಸುವವರು ಬಿತ್ತುವವರೇ. ಜೋಳ ಬಿತ್ತಿದರೂ ಬದುಕು ನಡೆಯುತ್ತದೆ ಎಂಬ ಬೆಲೆ ಬಂದರೆ ಅವರೇ ಬಿತ್ತುತ್ತಾರೆ. ನಾಲ್ಕು ಮಂದಿ ಬಿತ್ತಿದರೆ ಹಕ್ಕಿಯ ಭಾರ ನಾಲ್ಕಾಗಿ ಒಡೆಯುತ್ತದೆ. ಈ ಹಕ್ಕಿಯ ಮಟ್ಟಿಗೆ ಬೇರೆ ರಕ್ಷಣೆಯ ಯೋಜನೆ ನನಗೆ ಕಾಣದು.

ಬರುವ ಹಿಂಗಾರಿಗೆ ನೋಡಲು ಹೋಗುವವರು ಜನವರಿ ಕೊನೆಯಿಂದ ಮಾರ್ಚ್ ಮೂರನೇ ವಾರದೊಳಗೆ ಹೋಗಿ. ಕಪ್ಪು ತಲೆ, ಹಾಡು ಎರಡೂ ಬೇಕಾದರೆ ಮಾರ್ಚೇ ಸರಿ. ಬೆಳಗ್ಗೆ ಬೇಗ ಹೋಗಿ. ಯಜಮಾನರನ್ನು ಕೇಳಿಯೇ ಬದುವಿಗೆ ಕಾಲಿಡಿ, ಫೋಟೋ ಆಸೆಗೆ ನಿಂತ ಬೆಳೆಯೊಳಗೆ ನುಗ್ಗಬೇಡಿ. ಅವರು ಕವಣೆ ಬೀಸಿದರೆ ಮುಖ ಸಿಂಡರಿಸಬೇಡಿ. ಮರಳುವಾಗ ಅದೇ ಹೊಲದ ಜೋಳವನ್ನು ಒಂದು ಚೀಲ ಕೊಂಡು ತನ್ನಿ. ಅವರು ಹೇಳಿದ ಬೆಲೆಗೆ, ಚೌಕಾಸಿ ಮಾಡದೆ.